ಡಾರ್ಕ್ ನೀಲಿ ಸೀರೆ

ನಮ್ಮ ಮನೆಯಲ್ಲಿ ಕಪ್ಪು ಎಂಬುದೇ ಇಲ್ಲ, ಇರುವುದೆಲ್ಲ ಡಾರ್ಕ್. ಸೀದುಹೋದ ಗೊಜ್ಜು ಡಾರ್ಕ್, ಮೊಬೈಲಿನ ಪರದೆ ಡಾರ್ಕ್, ನನ್ನ ಕಣ್ಣ ಕೆಳಗಿರುವುದು ಡಾರ್ಕ್ ಸರ್ಕಲ್. ನಮ್ಮ ಯಜಮಾನರು ನನಗೆ ಹೇಳದೆ ಮಾಡುವುದೆಲ್ಲ ನನ್ನನ್ನು ಡಾರ್ಕ್‌ನಲ್ಲಿಟ್ಟು ಮಾಡಿದ್ದು. ಮಗಳು ವೈದೇಹಿ ಹುಟ್ಟಿದಾಗ ಬಂದವರೆಲ್ಲ ತೊಟ್ಟಿಲಿಗೆ ಇಣುಕಿ, "ಲಕ್ಷಣವಾಗಿದೆ ಮಗು, ಸ್ವಲ್ಪ ಡಾರ್ಕ್ ಅಷ್ಟೇ" ಎಂದಿದ್ದರು. ಕನ್ನಡದಲ್ಲಿ ಅಂದಿದ್ದರೆ ಕಾಫಿ ಕೊಡದೆ ಕಳಿಸುತ್ತಿದ್ದೆ. ಇಂಗ್ಲಿಷಿನಲ್ಲಿ ಅಂದದ್ದಕ್ಕೆ ಕೋಡುಬಳೆಯನ್ನೂ ಕೊಟ್ಟೆ.

ಆ ಮಗಳೇ ಈಗ ತನ್ನ ನಿಶ್ಚಿತಾರ್ಥಕ್ಕೆ ಕಪ್ಪು ರೇಷ್ಮೆ ಸೀರೆ ಬೇಕು, ಇಲ್ಲದಿದ್ದರೆ ಮಣೆಯ ಮೇಲೆ ಕೂರುವುದಿಲ್ಲ ಎಂದು ಹಟ ಹಿಡಿದಳು. ಶುಭಕಾರ್ಯಕ್ಕೆ ಕಪ್ಪು ಸೀರೆ! ಅದೂ ವೆಸ್ಟ್ ಮಾಂಬಲಂನ ನಮ್ಮ ಫ್ಲಾಟಿನಲ್ಲಿ, ಮಡಿ ಉಟ್ಟ ನಮ್ಮತ್ತೆಯ ಎದುರಿಗೆ! ದಾರಿ ತೋರಿಸಿದವನು ಸೀರೆ ಅಂಗಡಿಯವನೇ. "ಡಾರ್ಕ್ ನೇವಿ ಬ್ಲೂನ್ನು ಸೊಲ್ಲುಂಗೊ ಮಾಮಿ" ಎಂದು ತಮಿಳಿನಲ್ಲಿ ಹೇಳಿಕೊಟ್ಟ. ಕಪ್ಪು ಸೀರೆ ಕೊಂಡವರೆಲ್ಲ ಮನೆಯಲ್ಲಿ ಹಾಗೇ ಹೇಳುವುದಂತೆ.

ನಾನೂ ಹಾಗೇ ಹೇಳಿದೆ. ಅತ್ತೆ ಸೀರೆಯನ್ನು ಎತ್ತಿಕೊಂಡು ಸೀದಾ ಬಾಲ್ಕನಿಗೆ ನಡೆದರು. ರೇಷ್ಮೆಯ ಬಣ್ಣವನ್ನು ಬಿಸಿಲಿನಲ್ಲೇ ನೋಡಬೇಕು ಎಂಬುದು ಅವರ ಶಾಸ್ತ್ರ. ನಾನು ಹಿಂದೆಯೇ ಓಡಿದೆ.

"ಇದರಲ್ಲಿ ನೀಲಿ ಎಲ್ಲಿದೆಯೇ? ತೋರಿಸು ನೋಡೋಣ."

ನಾನು ಬಾಯಿ ತೆರೆಯುವಷ್ಟರಲ್ಲಿ ವೈದೇಹಿ, "ನೀಲಿ ಇಲ್ಲೆ ಪಾಟಿ. ಕರುಪ್ಪು. ಎನ್ನ ಮಾದಿರಿ" ಎಂದು ಅಜ್ಜಿಗೆ ಅಂದುಬಿಟ್ಟಳು. ತನ್ನ ಹಾಗೇ ಕಪ್ಪಂತೆ! ಅವಳ ಕಿವಿಗೆ ಬೀಳಬಾರದೆಂದು ನಾವೆಲ್ಲ ಇಷ್ಟು ವರ್ಷ ನುಂಗಿಕೊಂಡು ಬಂದ ಮಾತನ್ನು ಅವಳೇ ನಗುನಗುತ್ತ ಆಡಿದಳು. ನನಗೆ ಅಳುವೇ ಬಂತು.

ಅತ್ತೆ ಸೀರೆಯನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. "ಹಾಗಂತ ನೆಟ್ಟಗೆ ಹೇಳೋದಲ್ವೇನೇ? ಕೆಂಪು ಅಂಚಿದೆ, ದೋಷ ಇಲ್ಲ. ಉಟ್ಕೋ" ಎಂದು ಮಡಿಸಿಕೊಟ್ಟರು.

ನಿಶ್ಚಿತಾರ್ಥದ ದಿನ ಆ ಸೀರೆಯಲ್ಲಿ ನನ್ನ ಮಗಳು ದೃಷ್ಟಿ ತಗಲುವ ಹಾಗಿದ್ದಳು. ನಾನೆಂಥ ಹೊಸ ಕಾಲದ ತಾಯಿ ಎಂದು ಬೀಗರ ಮುಂದೆ ಸೆರಗು ಹಾರಿಸಿಕೊಂಡು ಓಡಾಡಿದೆ. ಹುಡುಗನನ್ನೂ ಹುಡುಗಿಯನ್ನೂ ಜೊತೆಗೆ ನಿಲ್ಲಿಸಿದಾಗ ಮೆಲ್ಲಗೆ ಫೋಟೋಗ್ರಾಫರನ ಹತ್ತಿರ ಹೋಗಿ, ಇನ್ನೊಂದು ಲೈಟು ಹಾಕಪ್ಪಾ, ಮುಖ ಸ್ವಲ್ಪ ಡಾರ್ಕಾಗಿ ಬೀಳುತ್ತೇನೋ ಎಂದು ಅವನ ಕಿವಿಯಲ್ಲಿ ಉಸುರಿದೆ.

ಬೆನ್ನ ಹಿಂದೆಯೇ ಅತ್ತೆ ನಿಂತಿದ್ದರು.

"ಯಾರ ಮುಖವೇ?" ಎಂದರು.