ಖಾಲಿ ಬಿಟ್ಟ ಕಾಲಮಿನ ಬಗ್ಗೆ ಗುಪ್ತಚರ ಇಲಾಖೆಗೆ

ಗುಪ್ತಚರ ಇಲಾಖೆಯ ಮಾನ್ಯ ಮುಖ್ಯಸ್ಥರೇ,

ತಮ್ಮ ಹೆಸರಾಗಲಿ ವಿಳಾಸವಾಗಲಿ ಪ್ರಜೆಗಳಿಗೆ ತಿಳಿಯದ ಕಾರಣ, ತಾವು ಎಲ್ಲಿದ್ದರೆ ಅಲ್ಲಿಗೇ ನನ್ನ ಗೌರವಪೂರ್ವಕ ನಮಸ್ಕಾರಗಳು.

ಒಂದು ಸಂಗತಿಯನ್ನು ಬರೆಯದೆ ಬಿಡೋಣವೆಂದು ನಿನ್ನೆಯವರೆಗೂ ಅಂದುಕೊಂಡಿದ್ದೆ. ತಮ್ಮ ಅಧಿಕಾರಿ ನಮ್ಮ ಪ್ರಕಾಶನದ ಕಚೇರಿಗೆ ಬಂದು, ಪಠ್ಯಪುಸ್ತಕದ ಆ ಪುಟವನ್ನು ಮಾಡಿದವರು ಯಾರೆಂದು ಕೇಳಿದಾಗ, ನಾನು ಪಕ್ಕದ ಮೇಜಿನಲ್ಲಿ ಕರಡು ತಿದ್ದುತ್ತಿದ್ದ ಹಿರಿಯರತ್ತ ನೋಡಿದೆ. ಬಾಯಿ ಬಿಡಲಿಲ್ಲ, ನೋಡಿದೆ ಅಷ್ಟೆ. ಅಷ್ಟೇ ಸಾಕಾಯಿತು. ಅವರ ಪಾಸ್‌ಪೋರ್ಟ್ ಈಗ ತಮ್ಮ ವಶದಲ್ಲಿದೆ. ಗಡಿಯಾಚೆ ಹಾಸಿಗೆ ಹಿಡಿದಿರುವ ಅವರ ಅಕ್ಕ ತಮ್ಮನ ದಾರಿ ಕಾಯುತ್ತಿದ್ದಾರೆ.

ಪುಟ ನನ್ನದು. ಏಳು ದೇಶಗಳ ಗುಪ್ತಚರ ಸಂಸ್ಥೆಗಳನ್ನು ಹೋಲಿಸುವ ಕೋಷ್ಟಕ. ಒಂದು ದೇಶದ ಸಂಸ್ಥೆ ವರ್ಷಕ್ಕೊಮ್ಮೆ ವರದಿ ಅಚ್ಚು ಹಾಕಿಸುತ್ತದೆ; ಇನ್ನೊಂದರ ಮುಖ್ಯಸ್ಥೆ ಸಂಸತ್ತಿನ ಸಮಿತಿಯೆದುರು ಕೈಕಟ್ಟಿ ಕುಳಿತು ಉತ್ತರ ಕೊಡುತ್ತಾರೆ; ಮತ್ತೊಂದಕ್ಕೆ ದೂರು ಹೇಳುವ ಫೋನ್ ನಂಬರೇ ಇದ್ದು, ನಾನು ಮಾಡಿ ನೋಡಿದಾಗ ಎರಡನೇ ರಿಂಗಿಗೆ ಎತ್ತಿದರು. ಇಂಥ ಬಾಯಿಬಡುಕರ ನಡುವೆ ತಮ್ಮ ಘನತೆಯೇ ಬೇರೆ. ತಮ್ಮ ಬಗ್ಗೆ ಪ್ರಕಟವಾದ ಒಂದು ಸಾಲೂ ಸಿಗದೆ ತಮ್ಮ ಕಾಲಮನ್ನು ಖಾಲಿ ಬಿಟ್ಟೆ.

ತಮ್ಮ ಅಧಿಕಾರಿಯ ಚುರುಕು ಕಣ್ಣು ನೆಟ್ಟಿದ್ದೇ ಅಲ್ಲಿಗೆ. "ಇಷ್ಟೊಂದು ಖಾಲಿ ಇದೆಯಲ್ಲ ಯಜಮಾನ್ರೇ, ಇಲ್ಲಿದ್ದದ್ದನ್ನ ತೆಗೆದು ಎಲ್ಲಿಟ್ರಿ?" ಎಂದು ಹಿರಿಯರನ್ನು ಕೇಳಿದರು. "ಇದ್ದಿದ್ರೆ ತಿದ್ದಿರ್ತಿದ್ದೆ ಸ್ವಾಮಿ," ಎಂದರು ಹಿರಿಯರು. ನನ್ನ ಹೆಸರನ್ನು ಮಾತ್ರ ಹೇಳಲಿಲ್ಲ. ಅಧಿಕಾರಿ ಮೇಜಿನ ಖಾನೆಗಳನ್ನೆಲ್ಲ ಜಾಲಾಡಿ, ಒಂದಕ್ಷರವೂ ಇಲ್ಲದ ಎರಡು ರೀಮು ಬಿಳಿ ಕಾಗದವನ್ನು ಸಾಕ್ಷ್ಯವೆಂದು ಹೊತ್ತೊಯ್ದರು. ಉಳಿದ ಆರು ದೇಶಗಳು ಇಷ್ಟು ಆಳಕ್ಕೆ ಇಳಿದಿರಲಾರವು.

ನನ್ನ ಕೋರಿಕೆಗಳು ಅಲ್ಪ. ಹಿರಿಯರ ಪಾಸ್‌ಪೋರ್ಟನ್ನು ಮರಳಿಸಿ, ಬದಲಿಗೆ ನನ್ನದನ್ನು ಇಟ್ಟುಕೊಳ್ಳಿ, ಇದರೊಂದಿಗೆ ಲಗತ್ತಿಸಿದ್ದೇನೆ. ಕಾಲಮಿನಲ್ಲಿ ಏನೂ ಇರಲಿಲ್ಲವೆಂದು ತಮ್ಮ ಇಲಾಖೆಯು, ತಾನು ಇರುವುದನ್ನು ಒಪ್ಪಿಕೊಳ್ಳದೆಯೇ, ಒಂದು ದೃಢೀಕರಣ ಪತ್ರ ನೀಡಲಿ. ಅದಾಗದಿದ್ದರೆ, ಎಲ್ಲ ಬಲ್ಲ ತಾವು, ಆ ಅಕ್ಕನಿಗೆ ಇನ್ನೆಷ್ಟು ದಿನಗಳು ಉಳಿದಿವೆಯೆಂದು ಹೇಳಿಬಿಡಿ; ಅಷ್ಟು ದಿನ ಕಾಯುತ್ತೇವೆ.

ತಾವು ನಂಬದಿದ್ದರೂ, ತಮ್ಮ ವಿಶ್ವಾಸಿ,
ಆ ಪುಟದ ಸಂಪಾದಕಿ

ಮರೆತ ಮಾತು: ಈ ಪತ್ರದ ಪ್ರತಿ ಪತ್ರಿಕೆಗಳಿಗೂ ಹೋಗುತ್ತಿದೆ. ಅಂಚೆಡಬ್ಬಿಗೆ ಬೀಳುವ ಮೊದಲೇ ಓದುವ ಸೌಕರ್ಯ ತಮಗಿದೆಯಂತೆ. ಹಾಗಾಗಿ ಹಿರಿಯರ ಪಾಸ್‌ಪೋರ್ಟ್ ಅದಕ್ಕೂ ಮುಂಚೆ ಬಂದರೆ ನನಗೆ ಆಶ್ಚರ್ಯವಾಗದು. ಪತ್ರವನ್ನು ನಾನು ಡಬ್ಬಿಗೆ ಹಾಕುವುದು ಮಾರ್ಚ್ ಒಂಬತ್ತು, ಸೋಮವಾರ.