ಹತ್ತು ಗಂಟೆಯ ರೀಡಿಂಗ್

ಇವೆಲ್ಲ ನಡೆದದ್ದು ೨೦೨೨ರಲ್ಲಿ. ಕೋವಿಡ್ ಬಂದು ಮನೆಯಲ್ಲೇ ಉಳಿದವರು ಬೆರಳಿಗೆ ಆಕ್ಸಿಮೀಟರ್ ಕ್ಲಿಪ್ಪು ಹಾಕಿ, ಅದರ ರೀಡಿಂಗನ್ನು ಬೆಳಿಗ್ಗೆ ಹತ್ತರೊಳಗೆ ಫೋನಿನಿಂದ ಕಳಿಸಬೇಕು. ಬರದಿದ್ದರೆ ಆರೋಗ್ಯ ಇಲಾಖೆಯ ಪರವಾಗಿ ನಾನು ಕರೆ ಮಾಡಬೇಕು. ಕನ್ನಡದವರ ಪಟ್ಟಿ ನನ್ನದು. ಯಂತ್ರ ಎಷ್ಟೇ ಸರಿಯಿದ್ದರೂ ಬೆರಳು ಮನುಷ್ಯರದ್ದಾದ್ದರಿಂದ ದಿನಕ್ಕೊಂದು ತಮಾಷೆ ಆಗುತ್ತಲೇ ಇತ್ತು. ದಿನವಿಡೀ ಎಲ್ಲರನ್ನೂ 'ಹೇಗಿದ್ದೀರಿ' ಎಂದು ಕೇಳುತ್ತಿದ್ದೆ. ನನ್ನನ್ನೂ ಯಾರಾದರೂ ಕೇಳಲಿ ಎಂದು ಆಸೆಯಿತ್ತು. ಗುತ್ತಿಗೆ ಕೆಲಸಕ್ಕಾಗಿ ಮೂರು ತಿಂಗಳಿಗೊಮ್ಮೆ ಊರು ಬದಲಿಸುವವಳನ್ನು ಯಾರು ಕೇಳುತ್ತಾರೆ?

೧. ಪರ್ತ್

ಕ್ಯಾನಿಂಗ್ಟನ್‌ನಲ್ಲಿರುವ ಮಗಳ ಮನೆಗೆ ಬಂದಿದ್ದ ಮೈಸೂರಿನ ಅಂಕಲ್ ಒಬ್ಬರು. ಫೋನಿನಲ್ಲಿ ಉಸಿರು ಸಾಲದೆ ಮಾತು ನಿಲ್ಲಿಸುತ್ತಿದ್ದರು. ರೀಡಿಂಗ್ ಮಾತ್ರ ದಿನವೂ ತೊಂಬತ್ತೊಂಬತ್ತು.

"ಅಂಕಲ್, ಕ್ಲಿಪ್ಪು ನಿಮ್ಮ ಬೆರಳಿಗೇ ಹಾಕ್ತೀರಾ?"

"ಇಲ್ಲಮ್ಮ, ನಮ್ಮನೆಯವಳ ಬೆರಳಿಗೆ. ನಂದು ತೊಂಬತ್ತು ತೋರಿಸ್ತಿತ್ತು. ನಿಮಗ್ಯಾಕೆ ಸುಮ್ಮನೆ ಗಾಬರಿ ಅಂತ."

ತಕ್ಷಣ ಆಂಬುಲೆನ್ಸ್ ಕಳಿಸಿದೆವು. ಹತ್ತುವಾಗ ಹೆಂಡತಿಗೆ ಹೇಳಿದರಂತೆ, "ಕ್ಲಿಪ್ಪು ಇಲ್ಲೇ ಇರಲಿ. ರೀಡಿಂಗ್ ತಪ್ಪಿಸ್ಬೇಡ."

ಐದು ದಿನ ಆಸ್ಪತ್ರೆಯಲ್ಲಿದ್ದು ವಾಸಿಯಾಗಿ ಬಂದರು. ಐದು ದಿನವೂ ಮನೆಯಿಂದ ತೊಂಬತ್ತೊಂಬತ್ತು ಬಂತು.

೨. ಬ್ರಿಸ್ಬೇನ್

ಇಂಡೂರೂಪಿಲ್ಲಿಯ ಆಂಟಿಯ ರೀಡಿಂಗ್ ಒಮ್ಮೆಯೂ ಹತ್ತರೊಳಗೆ ಬರಲಿಲ್ಲ. ಕರೆ ಮಾಡಿದರೆ ಮೊದಲ ರಿಂಗಿಗೇ ಎತ್ತುತ್ತಿದ್ದರು.

"ಆಂಟಿ, ಮರೆತ್ರಾ?"

"ಎಂಟಕ್ಕೇ ನೋಡಿಟ್ಟಿದ್ದೀನಿ. ಕಳಿಸಿಬಿಟ್ರೆ ನೀನು ಫೋನ್ ಮಾಡಲ್ವಲ್ಲ. ರೂಮಲ್ಲಿ ಒಬ್ಬಳೇ. ಮೊಮ್ಮಗ ಬಾಗಿಲಾಚೆ ನಿಂತು ಇಂಗ್ಲಿಷಲ್ಲಿ ಏನೋ ಹೇಳಿ ಓಡಿಹೋಗ್ತಾನೆ."

ಹತ್ತನೆಯ ದಿನ ಹೇಳಿದೆ, "ಪೂರ್ತಿ ವಾಸಿಯಾಗಿದೆ ಆಂಟಿ. ಪಟ್ಟಿಯಿಂದ ತೆಗೀತೀನಿ."

"ಇನ್ನೊಂದ್ಸಲ ನೋಡಮ್ಮ. ಎಲ್ಲೋ ಸ್ವಲ್ಪ ಕಮ್ಮಿ ಇರ್ಬೇಕು."

೩. ಅಡಿಲೇಡ್

ಅಲ್ಲಿಗೆ ಹೋದ ಎರಡನೇ ವಾರ ನನಗೇ ಕೋವಿಡ್ ಬಂತು. ಪಟ್ಟಿಗೆ ಸೇರುವ ಫಾರಂನಲ್ಲಿ ಒಂದು ಪ್ರಶ್ನೆ: 'ನೀವು ಫೋನ್ ಎತ್ತದಿದ್ದರೆ ಯಾರಿಗೆ ತಿಳಿಸಬೇಕು?' ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಆ ಊರಿನಲ್ಲಿ ನನಗೆ ಗೊತ್ತಿದ್ದದ್ದು ಆಫೀಸಿನಲ್ಲಿ ನನ್ನದೇ ಮೇಜಿನ ನಂಬರ್. ಅದನ್ನೇ ಬರೆದೆ. ಮನೆಯಿಂದ ಕೆಲಸ ಮಾಡಲೆಂದು ಆ ಮೇಜಿನ ಕರೆಗಳನ್ನೆಲ್ಲ ನನ್ನ ಮೊಬೈಲಿಗೆ ತಿರುಗಿಸಿದ್ದು ಜ್ವರದಲ್ಲಿ ನೆನಪಾಗಲಿಲ್ಲ.

ಮರುದಿನ ರೀಡಿಂಗ್ ಕಳಿಸದೆ ಮಧ್ಯಾಹ್ನದವರೆಗೆ ಮಲಗಿಬಿಟ್ಟೆ. ನಾನಿಲ್ಲದ ದಿನ ನನ್ನ ಪಟ್ಟಿಯವರಿಗೆ ಯಂತ್ರವೇ ಕರೆ ಮಾಡುತ್ತಿತ್ತು. ಎದ್ದು, ರಿಂಗಾಗುತ್ತಿದ್ದ ಫೋನ್ ಎತ್ತಿದರೆ ಯಂತ್ರದ ದನಿ: "ನಿಮ್ಮವರು ಕರೆ ಸ್ವೀಕರಿಸುತ್ತಿಲ್ಲ. ದಯವಿಟ್ಟು ಹೋಗಿ ನೋಡಿ. ನೋಡಿದ ಮೇಲೆ ಒಂದು ಒತ್ತಿ."

ನಿಯಮ ನಿಯಮವೇ. ಬಚ್ಚಲಿಗೆ ಹೋಗಿ ಕನ್ನಡಿಯಲ್ಲಿ ನೋಡಿದೆ. ಒಂದು ಒತ್ತಿದೆ.

"ಧನ್ಯವಾದ. ಅವರನ್ನು ಒಬ್ಬರೇ ಬಿಡಬೇಡಿ," ಎಂದಿತು.

ಆ ಬೆಳಿಗ್ಗೆ ನನ್ನನ್ನು ವಿಚಾರಿಸಿ ಅದರಿಂದಲೇ ಬಂದಿದ್ದ ಕರೆಗಳು ಹದಿನಾಲ್ಕು.