ಪ್ರಭಾರ ನಾಯಿ

೧೯೬೨ರಲ್ಲಿ ಹುಬ್ಬಳ್ಳಿಯ ಒಂದು ಸರಕಾರಿ ದವಾಖಾನೆಯಲ್ಲಿ, ಗಾಂಜಾದ ಟಿಂಚರಿಗೆ ಕಸುವು ಇದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಒಂದು ನಾಯಿಗೆ ಮಾತ್ರ ಇತ್ತು.

ನಾಯಿಯ ಹೆಸರು ಮೋತ್ಯಾ. ಹೊಸ ಬಾಟಲಿಯ ಬೂಚು ತೆಗೆದ ದಿನ ಹಾಲಿನಲ್ಲಿ ಹನಿ ಎಣಿಸಿ ಅದಕ್ಕೆ ಕುಡಿಸಬೇಕು. ಎರಡು ತಾಸಿನೊಳಗೆ ಅದು ಜೋಲಿ ಹೊಡೆದರೆ ಔಷಧ ಪಾಸು, ಇಲ್ಲದಿದ್ದರೆ ನಾಪಾಸು. ಕಾಂಪೌಂಡರ್ ಗುರುಸಿದ್ದಯ್ಯ ನಾಲ್ಕು ವರ್ಷ ಅದರೆದುರು ಗಡಿಯಾರ ಹಿಡಿದು ಕೂತಿದ್ದ.

ಆ ಶ್ರಾವಣದಲ್ಲಿ ಮೋತ್ಯಾ ಜೋಲಿ ಹೊಡೆಯುವುದನ್ನು ಬಿಟ್ಟಿತು. ಬಟ್ಟಲು ನೆಕ್ಕಿ, ನೆಟ್ಟಗೆ ನಡೆದು ಹೋಯಿತು. ಮೂರು ಬಾಟಲಿಗಳು ನಾಪಾಸಾಗಿ, ಅರಗಿನ ಮುದ್ರೆ ಬಿದ್ದು, ಕಪಾಟು ಸೇರಿದವು.

ಹಳೇ ಹುಬ್ಬಳ್ಳಿಯಲ್ಲಿ ಬಳೆ ಮಾರುವ ಹನುಮವ್ವನಿಗೆ ಮುಖದ ನರದ ನೋವು. ಗಾಳಿ ಸೋಕಿದರೂ ದವಡೆಯಲ್ಲಿ ಕಾದ ಸರಳು ಎಳೆದಂತಾಗುತ್ತಿತ್ತು. ಬೇರೆಲ್ಲ ಔಷಧ ಸೋತಿದ್ದವು. ಈ ಟಿಂಚರ್ ಕುಡಿದರೆ ಮಾತ್ರ ರೊಟ್ಟಿ ಅಗಿಯಲು ಬರುತ್ತಿತ್ತು. ಇಪ್ಪತ್ತು ದಿನದಿಂದ ಆಕೆ ಅಂಬಲಿಯ ಮೇಲೆ ಇದ್ದಳು.

ಕೆಟ್ಟದ್ದು ಔಷಧವಲ್ಲ, ನಾಯಿಗೆ ರೂಢಿಯಾಗಿದೆ ಎಂದು ಗುರುಸಿದ್ದಯ್ಯ ಧಾರವಾಡದ ಕಚೇರಿಗೆ ಬರೆದ. ಉತ್ತರ ಬೇಗನೆ ಬಂತು: ‘ಪರೀಕ್ಷಕರನ್ನು ಪರೀಕ್ಷಿಸುವ ಅಧಿಕಾರ ಕಾಂಪೌಂಡರಿಗೆ ಇರುವುದಿಲ್ಲ.’

ಆತ ಹೆಡ್ ಕ್ಲಾರ್ಕ್ ಸೋಮಪ್ಪನ ಮೇಜಿನ ಮುಂದೆ ಹೋಗಿ ನಿಂತು ಹೊಸ ನಾಯಿ ಕೇಳಿದ.

“ಹುದ್ದೆ ಖಾಲಿ ಇಲ್ಲಲ್ರಿ, ಅಯ್ನೋರ. ಮೋತ್ಯಾ ಇನ್ನೂ ಸರ್ವಿಸಿನ್ಯಾಗ ಅದ.”

“ಅದಕ್ಕ ಅಮಲು ಏರವಲ್ದರಿ.”

“ಅಮಲು ಏರಲಿಲ್ಲ ಅಂತ ಯಾರನ್ನೂ ಕೆಲಸದಿಂದ ತಗಿಯಾಕ ಬರೂದಿಲ್ಲ. ಏರಿದವರನ್ನೂ ನಾವು ತಗದಿಲ್ಲ.”

ಆದರೂ ಸೋಮಪ್ಪ ಕಲ್ಲೆದೆಯವನಲ್ಲ. ಬೆಂಚಿನ ಮೇಲೆ ಸೆರಗಿನಿಂದ ಕೆನ್ನೆ ಒತ್ತಿಕೊಂಡು ಕೂತ ಹನುಮವ್ವನನ್ನು ನೋಡಿದ. ನಿಯಮದ ಪುಸ್ತಕ ತಿರುವಿದ. ಖಾಯಂ ನೌಕರ ಬೇನೆಯ ರಜೆಯ ಮೇಲೆ ಹೋದರೆ, ಅರ್ಹರಾದ ಯಾರಿಗಾದರೂ ಪ್ರಭಾರ ವಹಿಸಬಹುದು ಎಂದಿತ್ತು. ‘ಯಾರಿಗಾದರೂ’ ಎಂಬಲ್ಲಿ ಕಾಲುಗಳ ಸಂಖ್ಯೆ ನಮೂದಾಗಿರಲಿಲ್ಲ.

“ಹನುಮವ್ವಾ, ಆ ಔಷಧ ಕುಡದರ ನಿನಗ ಜೋಲಿ ಹೊಡಿತೈತೇನು?”

“ಹೊಡಿತೈತ್ರಿ. ಗ್ವಾಡಿ ಹಿಡಕೊಂಡ ಮನಿ ಮುಟ್ಟತೇನಿ.”

ಸೋಮಪ್ಪ ‘ಅರ್ಹ’ ಎಂದು ಬರೆದುಕೊಂಡು, ನಾಳೆಯಿಂದ ಮೋತ್ಯಾನ ಪ್ರಭಾರ ಆಕೆಗೇ ಎಂದು ತಿಳಿಸಿದ.

ಹನುಮವ್ವ ಕೆನ್ನೆಯ ಸೆರಗು ಸರಿಸಿದಳು. “ಬೊಗಳಬೇಕೇನ್ರಿ?”

ಸೋಮಪ್ಪ ಪುಸ್ತಕ ನೋಡಿಯೇ ಹೇಳಿದ. “ಇಲ್ಲ. ಅದು ರಾತ್ರಿ ಪಾಳಿಯವರಿಗೆ.”

ಮೋತ್ಯಾಗೆ ಹಾಲು ಸಹಿತ ರಜೆ ಮಂಜೂರಾಯಿತು. ಮರುದಿನ ಮುದ್ರೆ ಒಡೆದು ಹನುಮವ್ವನಿಗೆ ಕುಡಿಸಿದರು. ಆಕೆ ಒಂದೂವರೆ ತಾಸಿಗೆ ಚೆನ್ನಾಗಿ ಜೋಲಿ ಹೊಡೆದಳು, ಔಷಧ ಪಾಸಾಯಿತು. ನಿಯಮದಲ್ಲಿ ಬಾಟಲಿಯ ಅಳತೆ ಇಲ್ಲದ್ದನ್ನು ಕಂಡ ಗುರುಸಿದ್ದಯ್ಯ, ಟಿಂಚರನ್ನು ಸಣ್ಣ ಸಣ್ಣ ಬಾಟಲಿಗಳಿಗೆ ತುಂಬಿ ದಿನಕ್ಕೊಂದರ ಬೂಚು ತೆಗೆಯತೊಡಗಿದ: ಹೊಸ ಬಾಟಲಿಗೆ ಹೊಸ ಪರೀಕ್ಷೆ, ಹನುಮವ್ವನಿಗೆ ದಿನವೂ ಔಷಧ.

ದೀಪಾವಳಿಯ ಮುಂದೆ ಧಾರವಾಡದ ಸಾಹೇಬರು ತಪಾಸಣೆಗೆ ಬಂದರು. ಪ್ರಭಾರ ನಾಯಿಯನ್ನು ಸುತ್ತಲೂ ನೋಡಿ ಷರಾ ಬರೆದರು: ‘ಬಾಲ ಕಂಡುಬರಲಿಲ್ಲ. ಉಳಿದಂತೆ ತೃಪ್ತಿಕರ.’

ಅವರು ಹೋದ ಮೇಲೆ ಹನುಮವ್ವ ಬೆಂಚಿನ ಮೇಲೆ ಬುತ್ತಿ ಬಿಚ್ಚಿದಳು. ಕಟಕ ರೊಟ್ಟಿ ಮುರಿದು ಮೊದಲ ತುಂಡನ್ನು ಮೋತ್ಯಾನ ಮುಂದೆ ಇಟ್ಟಳು. ಮೊದಲು ನೀನು ತಿನ್ನವ್ವ ಎಂದ ಗುರುಸಿದ್ದಯ್ಯ.

“ಹೆಂಗ ತಿನ್ಲಿರಿ,” ಎಂದಳು, “ಸರ್ವಿಸಿನ್ಯಾಗ ನನಗಿಂತ ಹಿರ್ಯಾರದಾರ.”